ಬಟಾಟಿ ಶಿಕ್ಕಾ

ಭೋಸರಿಯ ನಮ್ಮ ಖೋಲಿಗೆ ಬಂದವರು ಮೂವರು.
ಒಬ್ಬ ಬೂಟು ಕಳಚಿ ಒಳಬಂದ,
ಅದೊಂದು ಮರ್ಯಾದೆ, ನೆನಪಿಟ್ಟಿದ್ದೇನೆ.
ಚಂದಾ ಪುಸ್ತಕ, ಮಡಿಚಿಟ್ಟ ಬ್ಯಾನರು,
ಕೊನೆಗೆ ಸಂಘದ ರಬ್ಬರ್ ಶಿಕ್ಕಾ.
ಪಂಚನಾಮೆಯಲ್ಲಿ 'ಒಂದು ನಗ' ಎಂದು ಬರೆದರು.

ನೋಂದಣಿ ರದ್ದು. ಕಾಗದ ಆಮೇಲೆ ಬಂತು,
ಸಾಹೇಬರ ಶಿಕ್ಕಾ ಅದರ ಮೇಲೆ, ದುಂಡಗೆ, ಚೂರೂ ಕದಡದೆ.
ಅಷ್ಟರಲ್ಲಿ ಕಂಪನಿಯ ಅಂಗಳದಲ್ಲೇ ಹೊಸ ಸಂಘ ಹುಟ್ಟಿತ್ತು,
ಮ್ಯಾನೇಜರನೇ ಪೇಡೆ ಹಂಚಿದನಂತೆ.

ಏಳಕ್ಕೆ ಪಗಾರ. ಪಾರೂಬಾಯಿ ಕುದಳೆ
ಹತ್ತು ರೂಪಾಯಿ ಹಿಡಿದು ಬಾಗಿಲಲ್ಲಿ ನಿಂತಳು:
"ಶಿಕ್ಕಾ ಇಲ್ಲದ ಪಾವತಿ ನಾನೊಲ್ಲೆ."
ಏನು ಹೇಳಲಿ? ಪಲ್ಯಕ್ಕೆ ಬಟಾಟಿ ಹೆಚ್ಚುತ್ತಿದ್ದೆ.

ದಸ್ತಗೀರ ಅರ್ಧ ಬಟಾಟಿ ಇಸಕೊಂಡ.
ಹದಿನೆಂಟು ವರ್ಷ ಡೈ ಕೊರೆದವನು,
ಅಕ್ಷರವನ್ನು ಬೆನ್ನ ಕಡೆಯಿಂದ ಬಲ್ಲ.
ಮಗಳ ಕಂಪಾಸಿನ ಮೊನೆ, ನೇರಳೆ ಶಾಯಿ.
'ಸಂಘಟನಾ'ದ ತಲೆಯ ಚುಕ್ಕೆ ಬಿಟ್ಟುಹೋಯಿತು.
ಪಾರೂಬಾಯಿ ಬೆಳಕಿಗೆ ಹಿಡಿದು ನೋಡಿ, ಮಡಚಿ,
ಕುಪ್ಪಸದೊಳಗಿಟ್ಟುಕೊಂಡಳು.

ಬಟಾಟಿ ಎರಡು ದಿನಕ್ಕೆ ಸೊರಗುತ್ತದೆ.
ಮತ್ತೊಂದು ಕೊರೆಯಬೇಕು, ಪ್ರತಿ ಸಲ ಅಕ್ಷರ ತುಸು ಬೇರೆ.
ಯಾವುದು ಅಸಲಿ ಅಂತ ಕೋರ್ಟಿನಲ್ಲಿ ಕೇಳಿದರೆ?
ಕೆಲವರು ಬರುವುದು ಬಿಟ್ಟರು, ಅದೂ ನಿಜ.
ಹೋದ ತಿಂಗಳು ನಲವತ್ತೊಂದು ಪಾವತಿ,
ಈ ಸಲ ಮೂವತ್ತಾರು.

ನಿನ್ನೆ ಮತ್ತೆ ಬಂದ, ಬೂಟು ಕಳಚಿದವನೇ, ಒಬ್ಬನೇ.
ಖೋಲಿಯೆಲ್ಲ ಹುಡುಕಿದ. ಒಲೆಯ ಮೇಲೆ ಪಲ್ಯ.
"ಉಂಡು ಹೋಗಪ್ಪಾ" ಅಂದೆ.
ಅವನು ನನ್ನ ನೇರಳೆ ಹೆಬ್ಬೆರಳು ನೋಡಿದ.
ಹೊಸ್ತಿಲಲ್ಲಿ ಕೂತು ಲೇಸು ಕಟ್ಟಲು
ಬಹಳ ಹೊತ್ತು ತಗೊಂಡ.