ಒಂದೂವರೆ ಇಂಚು

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಕೊಡೆ ರಿಪೇರಿಯವನಿಗೂ ಕನ್ನಡಕದಂಗಡಿಗೂ ನಡುವೆ
ಆರಡಿ ಅಗಲದ ನನ್ನ ಜಾಗ.
ಟೇಪ್ ರೆಕಾರ್ಡರು, ರೇಡಿಯೊ, ಒಮ್ಮೊಮ್ಮೆ ಮಿಕ್ಸಿ.
ಬೋರ್ಡಿಗೆ ಗುತ್ಯಪ್ಪ ಎಂದು ಬರೆಯಲು ಹೇಳಿದ್ದೆ,
ಪೇಂಟರು ಗುಪ್ತಪ್ಪ ಎಂದು ಬರೆದ. ಇರಲಿ ಬಿಡಿ,
ಅಕ್ಷರ ಮಾತ್ರ ದುಂಡಗಿತ್ತು.

ಸೆಲೆಸ್ತಿನ್ ಸಿಸ್ಟರು ಬರುತ್ತಿದ್ದುದು
ಮೆಗ್ಗಾನ್ ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ,
ನಾನಿನ್ನೂ ಊದುಬತ್ತಿ ಹಚ್ಚುತ್ತಿರುವಾಗ.
ಗಂಡಸರ ಕರ್ಚೀಪಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು.
"ಮತ್ತೆ ಸಿಕ್ಕಿಹಾಕಿಕೊಂಡಿದೆ ಗುತ್ಯಪ್ಪ,
ಕರುಳು ಹೊರಗೆ ಬಂದಿದೆ ನೋಡು."

ಪೆನ್ಸಿಲು ತೂರಿಸಿ ಸುತ್ತಿದೆ, ಹಾಕಿ ಕೇಳಿದೆ.
ಕೇಳದೆ ವಾಪಸು ಕೊಟ್ಟವನಲ್ಲ ನಾನು.
ಒಂದು ಗಿಟಾರು; ತಂತಿಯ ಮೇಲೆ ಯಾರೋ
ಚಾಕುವಿನ ಹಿಂಬದಿ ಸವರುತ್ತಿರುವಂತೆ.
ಆಮೇಲೆ ಒಬ್ಬ ಹೆಂಗಸಿನ ದನಿ.
ಅಮೆರಿಕದ ಕಪ್ಪು ಹೆಂಗಸು ಅಂದರು ಸಿಸ್ಟರು,
ಹತ್ತಿ ಬಿಡಿಸುವವರ ಮಗಳು, ಸತ್ತು ಎಷ್ಟೋ ಕಾಲವಾಯಿತು.
ನನ್ನ ಇಂಗ್ಲಿಷು ಕೆಪಾಸಿಟರಿನ ಮೇಲೆ ಬರೆದಿರುವಷ್ಟು.

ಏನು ಹೇಳ್ತಾಳೆ?
"ಅವನು ಹೋದ, ಅವನ ಅಂಗಿ ಒಗೆದು ಹಾಕಿದ್ದೇನೆ.
ಅವನು ಹೋದ, ಅವನ ಅಂಗಿ ಒಗೆದು ಹಾಕಿದ್ದೇನೆ.
ಒಣಗಿದೆ. ಇನ್ನೂ ತೆಗೆದಿಲ್ಲ."
ಅಷ್ಟೇನಾ?
"ಅಷ್ಟೇ."

ಹೇಳಿದ್ದನ್ನೇ ಎರಡು ಸಲ ಯಾಕೆ ಹೇಳುತ್ತಾಳೆಂದು
ನಾನು ಕೇಳಲಿಲ್ಲ. ಅದು ಗೊತ್ತಿತ್ತು.
ಅಪ್ಪ ಸತ್ತ ದಿನ, ಸೊರಬದ ಕಡೆ ನಮ್ಮ ಕೇರಿಯಲ್ಲಿ,
ಅವ್ವ ಹೆಣದ ತಲೆದೆಸೆಗೆ ಕೂತು
ಬುತ್ತಿ ಕಟ್ಟಿದ್ನಲ್ಲಾ ಅಂತ ರಾಗ ತೆಗೆದಳು.
ಮತ್ತೆ, ಬುತ್ತಿ ಕಟ್ಟಿದ್ನಲ್ಲಾ.
ಮೊದಲ ಸಲ ಬಂದವರಿಗೆ.
ಎರಡನೇ ಸಲ ಬುತ್ತಿಗೆ.

ವರ್ಷಕ್ಕೆರಡು ಸಲ ಬರುತ್ತಿತ್ತು ಆ ಕ್ಯಾಸೆಟ್ಟು.
ಜಗ್ಗಿ ಜಗ್ಗಿ ಟೇಪು ಉದ್ದವಾಗಿತ್ತು;
ಹಾಡು ಪ್ರತಿ ಸಲ ಒಂಚೂರು ನಿಧಾನ, ದನಿ ಒಂಚೂರು ದಪ್ಪ,
ಹಾಡುವವಳಿಗೂ ನಮ್ಮ ಜೊತೆ ವಯಸ್ಸಾಗುತ್ತಿತ್ತು.
ಹೊಸದು ತರಿಸೋಣವಾ ಸಿಸ್ಟರ್?
ಅವರು ಕರ್ಚೀಪು ಮಡಿಸುತ್ತಿದ್ದರು.
"ಹೊಸದಕ್ಕೆ ಏನು ಗೊತ್ತು?"

ಒಂದು ಸಲ ತುಂಡಾಗಿಯೇ ಬಂತು.
ಹೆಡ್ಡಿಗೆ ಸಿಕ್ಕಿ ನುಜ್ಜಾದದ್ದು
ಮೊದಲ ಸಾಲಿಗೂ ಎರಡನೆಯದಕ್ಕೂ ನಡುವೆ,
ಒಂದೂವರೆ ಇಂಚು.
ಬ್ಲೇಡಿನಲ್ಲಿ ಕತ್ತರಿಸಿ ತುದಿಗೆ ತುದಿ ಅಂಟಿಸಿದೆ.
ಚೂರನ್ನು ಎಸೆಯಲು ಕೈ ಬರದೆ
ಬೆಂಕಿಪೊಟ್ಟಣದಲ್ಲಿಟ್ಟೆ.
ಒಂದು ಪದ ಹೋಯಿತು ಸಿಸ್ಟರ್, ಅಂದೆ.
ದುಡ್ಡು ತಗೊಳ್ಳಲಿಲ್ಲ.
ಅವರು ಅಂಗಡಿಯಲ್ಲೇ ನಿಂತು ಕೇಳಿದರು.
ಆ ಜಾಗ ಬಂದಾಗ
ಅವರ ಎದೆ ಒಮ್ಮೆ ಮೇಲೆದ್ದು ಇಳಿಯಿತು.
ಪರವಾಗಿಲ್ಲ, ಅಂದರು. ಆಟೋ ಕೂಗಿ ಹೋದರು.

ಅವರ ಮಣ್ಣಿಗೆ ಹೋಗಿದ್ದೆ.
ಕ್ಯಾಸೆಟ್ಟು ಏನಾಯಿತೆಂದು ಕೇಳಲು
ಅಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ.

ಈಗ ಮೊಬೈಲಿಗೆ ಗ್ಲಾಸು ಹಾಕುತ್ತೇನೆ.
ಮೊನ್ನೆ ತನ್ವೀರನೆಂಬ ಕಾಲೇಜು ಹುಡುಗ
ಹೊಸ ಸ್ಪೀಕರು ನೋಡಲೆಂದು ಒಂದು ಹಾಡು ಹಾಕಿದ.
ಚಾಕುವಿನ ಹಿಂಬದಿ. ತಂತಿ.
ಕೈಯಲ್ಲಿದ್ದ ಸ್ಕ್ರೂ ಜಾರಿ ಎಲ್ಲೋ ಹೋಯಿತು.
ದನಿ ಎಳೆಯದು, ಚುರುಕು,
ಇವಳು ಅವಳ ಮಗಳಿರಬೇಕು.
ಮೊದಲ ಸಾಲು ಮುಗಿಯಿತು.
ನಿಲ್ಲಿಸು, ಅಂದೆ. ಹಿಂದಕ್ಕೆ ಹಾಕು. ಇಲ್ಲಿ, ಇಲ್ಲಿ
ಏನಂತಾಳೆ?
ಮೂರು ಸಲ ಹಾಕಿದ.
"ಏನೂ ಅನ್ನಲ್ಲ ಅಂಕಲ್.
ಉಸಿರು ತಗೋತಾಳೆ."

ಹುಡುಗ ಹೋದ ಮೇಲೆ ಶಟರು ಅರ್ಧ ಎಳೆದು
ಸ್ಕ್ರೂ ಹುಡುಕುತ್ತ ನೆಲಕ್ಕೆ ಕೂತೆ.
ಹದಿನಾರು ವರ್ಷ ಪದವೆಂದುಕೊಂಡಿದ್ದೆ.
ಹಾಡಲು ಬರದು ನನಗೆ, ಗುನುಗುತ್ತೇನೆ,
ನಾನು ಅಂಟಿಸಿದ ಹಾಗೆಯೇ, ನಡುವೆ ಏನೂ ಇಲ್ಲದೆ,
ಒಂದೇ ದಮ್ಮಿನಲ್ಲಿ ಎರಡು ಸಾಲು.
ಎರಡನೆಯದರ ಅಂಗಿಯ ಹತ್ತಿರ ಗಂಟಲು ಕಟ್ಟುತ್ತದೆ.
ಒಣಗಿದೆ ಅನ್ನುವಲ್ಲಿಗೆ
ಇನ್ನೂ ಒಮ್ಮೆಯೂ ತಲುಪಿಲ್ಲ.