ಅಕ್ಷರಕ್ಕೆ ಇಷ್ಟು

ಹೆಕ್ಸಮ್ಮಿನ ಸೇತುವೆ ದಾಟಿ ಬಂದು, ಕುರಿ ಹರಾಜಿನ ಶೆಡ್ಡಿನ ಹಿಂದೆ
ವಿಲ್ಫ್ ಮಿಲ್ಬರ್ನನ ಅಂಗಳ.
ಹೆಸರು ಬೀಳದ ಕಲ್ಲುಗಳು ಗೋಡೆಗೆ ಒರಗಿ
ಬಸ್ಸಿಗೆ ಕಾಯುವವರಂತೆ ನಿಂತಿವೆ.
ಸಮಾಧಿಗಲ್ಲು ಕೆತ್ತುವವನಿಗೆ ವೆಬ್‌ಸೈಟ್ ಬೇಕಂತೆ.
ಅವನಿಗಲ್ಲ, ಸೊಸೆ ಲೋರೇನಳಿಗೆ:
‘ಗೇಟ್ಸ್‌ಹೆಡ್ಡಿನ ಕಂಪನಿಯವರು ಫೋನಿನಲ್ಲೇ ಕಲ್ಲು ಮಾರುತ್ತಾರೆ,
ನಮ್ಮೂರಲ್ಲಿ ಸತ್ತವರೂ ಈಗ ಅವರ ಗಿರಾಕಿಗಳೇ.’

ಲ್ಯಾಪ್‌ಟಾಪ್ ಬಿಚ್ಚಿದೆ. ಕೀಲಿಗಳ ಸಂದಿಗೆ ಕಲ್ಲಿನ ಪುಡಿ ಇಳಿಯಿತು.
ಹಾಳೆಯ ಮೇಲೆ ಚೌಕ ಎಳೆದೆ: ಇದು ಮುಖಪುಟ,
ಇಲ್ಲಿ ಚಿತ್ರ, ಇಲ್ಲಿ ದರಪಟ್ಟಿ, ಇಲ್ಲಿ ‘ನಮ್ಮ ಬಗ್ಗೆ’.
ಅದನ್ನು ಬರೆದೇ ತಂದಿದ್ದೆ, ಇನ್ನೂರು ಪದ:
ಮೂರು ತಲೆಮಾರಿನ ಪರಂಪರೆ, ಅನುಪಮ ಕೌಶಲ, ಗ್ರಾಹಕರೇ ದೇವರು.

ಕನ್ನಡಕ ಒರೆಸಿಕೊಂಡ. ಓದಲಿಲ್ಲ,
ಎಣಿಸಿದ, ಪೆನ್ಸಿಲಿನ ತುದಿಯಿಂದ, ತುಟಿ ಅಲ್ಲಾಡಿಸುತ್ತ.
‘ಸಾವಿರದ ಮುನ್ನೂರ ಹನ್ನೆರಡು. ಅಕ್ಷರಕ್ಕೆ ಮೂರು ಪೌಂಡಿನಂತೆ
ಯಾರಮ್ಮ ಕೊಡೋರು?’
‘ಇಲ್ಲಿ ಅಕ್ಷರಕ್ಕೆ ಕಾಸಿಲ್ಲ, ಪುಕ್ಕಟೆ’ ಅಂದೆ.
‘ಅದೇ ಮತ್ತೆ. ನೋಡಿದರೆ ಗೊತ್ತಾಗುತ್ತೆ.’

ಅನುಪಮ ಹೋಯಿತು. ಕೌಶಲ ಹೋಯಿತು. ಪರಂಪರೆ
ಒಂದೇ ಗೀಟಿಗೆ ಉದುರಿತು.
ವಿಧವೆಯರ ಜೊತೆಗೂ ಹೀಗೇ ಕೂತು ಕಡಿಯುತ್ತಾನಂತೆ:
‘ಅತ್ಯಂತ ಪ್ರೀತಿಯ’ ಅಂತ ಬರೆಸಲು ಬರುತ್ತಾರೆ,
‘ಪ್ರೀತಿಯ’ ಸಾಕು ಅಂತ ಏಳುತ್ತಾರೆ,
ಕೆಲವರು ಗೇಟಿನ ತನಕ ಹೋಗಿ, ಮರಳಿ ಬಂದು
ಹೆಸರಷ್ಟೇ ಇರಲಿ ಅನ್ನುತ್ತಾರೆ.

‘ಇದರಲ್ಲಿ ತಪ್ಪಾದರೆ?’
ಅಳಿಸಿ ತೋರಿಸಿದೆ. ವಾಪಸು ತಂದೆ. ಮತ್ತೆ ಅಳಿಸಿದೆ.
ಅವನು ನಾನು ಕೂತಿದ್ದ ಬೆಂಚನ್ನು ಬಗ್ಗಿ ನೋಡು ಅಂದ.
ಹಲಗೆಯಲ್ಲ, ಕಲ್ಲು. ಅಡಿಗೆ, ತಲೆಕೆಳಗಾಗಿ,
ಯಾರೋ ಕ್ಯಾಥರೀನ್. ‘ಕೆ’ ಇರಬೇಕಾದಲ್ಲಿ ‘ಸಿ’.
‘ಎಪ್ಪತ್ತೊಂಬತ್ತರಲ್ಲಿ. ಅವರಪ್ಪ ಬೈಯಲೇ ಇಲ್ಲ.
ಬೈದಿದ್ದರೆ ಒಡೆದು ಹಾಕುತ್ತಿದ್ದೆ.’
ಆಮೇಲೆ ನಾನು ತುದಿಗೆ ಸರಿದು ಕೂತೆ.

ಚಹಾ ಬಂತು. ನಿನ್ನ ಹೆಸರು ಕೆತ್ತಿದರೆ ಎಷ್ಟಾದೀತು, ಅಂದ.
ಇಂಗ್ಲಿಷಿನಲ್ಲಿ ಹನ್ನೊಂದು.
ಧೂಳು ಕೂತ ಸ್ಲೇಟಿನ ಮೇಲೆ ಬೆರಳಲ್ಲಿ ಬರೆದೆ:
ವಿಷ್ಣುಪ್ರಿಯಾ. ನಾಲ್ಕೇ.
‘ಕೆಳಗೆ ಜೋತಾಡುವವು?’
‘ಒತ್ತು. ಲೆಕ್ಕಕ್ಕಿಲ್ಲ. ಮೇಲಿನವರ ಮನೆಯಲ್ಲೇ ಉಂಡುಕೊಂಡಿರುತ್ತವೆ.’
‘ಕೂಲಿಯಿಲ್ಲದೆ ಕೆತ್ತಿಸುವ ಹುನ್ನಾರ!’ ನಕ್ಕ;
ಆದರೂ ಆ ಷ್ಣುವಿನ ಸುರುಳಿಯನ್ನು
ಉಗುರಿನಿಂದ ಎರಡು ಸಲ ತಿದ್ದಿದ.

ಅಕ್ಷರ ಅಂದರೆ ನಮ್ಮಲ್ಲಿ ಅಳಿಯದ್ದು ಅಂತ ಅರ್ಥ,
ಹೇಳಹೊರಟೆ. ದಿನವಿಡೀ ಅಳಿಸುವುದೇ ಕಸುಬಾದವಳು;
ಬಾಯಿಗೆ ಬಿಸ್ಕತ್ತು ತುರುಕಿಕೊಂಡೆ.

ಈಗ ಸೈಟ್ ಎದ್ದಿದೆ. ಲೋರೇನಳಿಗೆ ಅಸಮಾಧಾನ: ಬಣ್ಣವಿಲ್ಲ,
ಇರುವುದೊಂದು ಬಟನ್, ಒತ್ತಿದರೆ ಅಂಗಳದ ಫೋನು ಬಡಿದುಕೊಳ್ಳುತ್ತೆ,
ಅವನು ಉಳಿ ಕೆಳಗಿಟ್ಟು ಬರುವ ತನಕ ಬಡಿದುಕೊಳ್ಳುತ್ತಲೇ ಇರುತ್ತೆ.
ಚಿತ್ರದಲ್ಲಿ ಅವನ ಮುಖವಿಲ್ಲ. ಒಂದು ‘ಆರ್’, ಅರ್ಧ ಕೆತ್ತಿದ್ದು,
ಕಾಲು ಇನ್ನೂ ಪೆನ್ಸಿಲಿನಲ್ಲಿದೆ.
ಕೆಳಗೆ:
ವಿಲ್ಫ್ ಮಿಲ್ಬರ್ನ್
ಕಲ್ಲು ಕೆತ್ತುತ್ತೇನೆ
ಮೊದಲು ಬಂದು ಮಾತಾಡಿ

ಕೊನೆಯ ಚುಕ್ಕಿಯ ಬಗ್ಗೆ ನಮ್ಮಿಬ್ಬರ ಜಗಳ ಮುಗಿದಿಲ್ಲ.
ಚುಕ್ಕಿಗೆ ಅವನು ದುಡ್ಡು ತಗೊಳ್ಳುವುದಿಲ್ಲವಂತೆ,
ಇಡುವುದೂ ಇಲ್ಲವಂತೆ