ಸುತ್ತಿಟ್ಟ ಹಗ್ಗ

ಹಗ್ಗದ ತುದಿ ಹಿಡಿಯುವವನು ನಾನು, ಜಿನ್ಪಾಚಿ.
ಅಳೆಯುವವರು ಬೇರೆ, ಬರೆಯುವವರು ಬೇರೆ;
ನನ್ನದು ಎಳೆದು ನಿಲ್ಲುವ ಕೆಲಸ.
ಅರವತ್ತು ಕೆನ್‌ಗೆ ಒಂದು ಚೋ,
ಮೂವತ್ತಾರು ಚೋಗೆ ಒಂದು ರೀ,
ರೀಗೊಂದು ಮಣ್ಣಿನ ದಿಬ್ಬ, ದಿಬ್ಬದ ಮೇಲೊಂದು ಎನೊಕಿ ಮರ.
ದೊರೆಯ ಸೀಮೆಯೆಲ್ಲ ಹೀಗೆ ಗಂಟುಗಂಟಾಗಿ
ನನ್ನ ಅಂಗೈಯೊಳಗಿಂದ ಹಾದುಹೋಗಿದೆ.
ಜಡ್ಡು ಇನ್ನೂ ಇದೆ, ಮುಟ್ಟಿ ನೋಡಿ.

ಆ ಸಲ ಕುರೊಸೆ ಹೊಳೆ ದಾಟಿದೆವು.
ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ.
ಗಾಳಿ ತಿರುಗಿತು. ಹಸಿ ತೊಗಲಿನ ವಾಸನೆ.
ಹಿರಾನುಮಾ ಒಡೆಯರು ತೋಳಿನಿಂದ ಮೂಗು ಮುಚ್ಚಿ
"ಹಗ್ಗ ಸುತ್ತು" ಅಂದರು.
ಸುತ್ತಿದೆ.
ಬರೆಯುವ ಹುಡುಗ ಮಸಿಕುಡಿಕೆಯ ಬಾಯಿ ಮುಚ್ಚಿದ.
ಇಲ್ಲಿಂದ ಆ ಬಿದಿರು ಮೆಳೆಯ ತನಕ
ದಾರಿ ಇದೆ, ಲೆಕ್ಕ ಇಲ್ಲ.
ತೊಗಲು ಹದಮಾಡುವವರ ಕೇರಿಗೆ ಉದ್ದವಿಲ್ಲ.
ಮೊದಲಿಂದ ಹಾಗೇ, ಅಂದರು.
ಯಾವ ಮೊದಲು ಎಂದು
ಹಗ್ಗ ಹಿಡಿದವನು ಕೇಳಬಾರದು.

ಉದ್ದವಿಲ್ಲದ ದಾರಿಯಲ್ಲಿ ಮೂವರೂ ನಡೆದೆವು.
ಎರಡೂ ಬದಿಗೆ ಗೂಟಕ್ಕೆ ಬಿಗಿದ ಎತ್ತಿನ ಚರ್ಮ,
ಉಪ್ಪಿನ ಗುಪ್ಪೆ, ಎಣ್ಣೆ ಮರಿಗೆ,
ಮಂಡಿಯೂರಿ ಹಣೆ ಮಣ್ಣಿಗಿಟ್ಟ ಜನ.
ಅವರ ಬೆನ್ನುಗಳನ್ನಷ್ಟೇ ಕಂಡೆ;
ಒಂದು ಬೆನ್ನಿನ ಮೇಲೆ ಕೂಸು ನಿದ್ದೆ ಹೋಗಿತ್ತು.
ಬಾಯಿ ಬಿಗಿಹಿಡಿದಿದ್ದೆ. ಕಾಲು ಕೇಳಲಿಲ್ಲ:
ಒಂದು, ಎರಡು, ಹತ್ತು, ನೂರು...
ಮೂವತ್ತು ವರ್ಷ ಎಣಿಸಿದ ಕಾಲು
ಅಪ್ಪಣೆ ಕೇಳಿ ಎಣಿಸುತ್ತದೆಯೇ?

ನಡುಕೇರಿಯಲ್ಲಿ ನನ್ನ ಹುಲ್ಲುಚಪ್ಪಲಿಯ ಉಂಗುಟ ಕಿತ್ತಿತು.
ಒಡೆಯರು ಮುಂದೆ. ತಿರುಗಿ ನೋಡುವವರಲ್ಲ.
ಒಂದು ಗುಡಿಸಲ ಬಾಗಿಲಿಂದ ಮುದುಕಿಯೊಬ್ಬಳು
ಬೆರಳಗಲದ ತೊಗಲುಪಟ್ಟಿ ಎಸೆದಳು.
ಕೈಗೆ ಕೊಡಲಿಲ್ಲ; ಕೊಡಬಾರದೆಂದು
ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.
ನೆಲಕ್ಕೆ ಎಸೆದಳು.
ನೆಲ ಹೇಗೂ ಲೆಕ್ಕದಲ್ಲಿ ಇಲ್ಲವಲ್ಲ.
"ಬಿಡಾರದ ಹೇರುಕುದುರೆಯದು," ಅಂದಳು, ತಲೆ ಎತ್ತದೆ,
"ಕಂದು ಬಣ್ಣದ ಹೆಣ್ಣು. ಹದಿನೆಂಟು ವರ್ಷ ಇದೇ ದಾರೀಲಿ ನಡೆದಿತ್ತು.
ಅದಕ್ಕೆ ಗೊತ್ತಿತ್ತು ನಮ್ಮ ಕೇರಿ ಎಷ್ಟುದ್ದ ಅಂತ."

ಕಟ್ಟಿಕೊಂಡೆ. ಬಿದಿರು ಮೆಳೆ ಬಂತು.
ಒಡೆಯರು ತಮಗೂ ನಮಗೂ ಉಪ್ಪು ಚಿಮುಕಿಸಿದರು.
ಎರಡು ಹರಳು ಆ ಪಟ್ಟಿಯ ಮೇಲೂ ಬಿದ್ದವು.
ಅದು ಮೊದಲೇ ಉಪ್ಪು ಉಂಡದ್ದು.
"ಬಿಚ್ಚು."
ಬಿಚ್ಚಿದೆ.
ನಿಂತ ಗಂಟಿನಿಂದಲೇ ಮುಂದಿನ ಗಂಟು.

ನಕ್ಷೆ ಕೋಟೆಗೆ ಹೋಯಿತು. ಚೆಂದವಾಗಿತ್ತು.
ಹೊಳೆ ನೀಲಿ, ಗುಡ್ಡ ಹಸಿರು;
ಹೊಳೆಗೂ ಮೆಳೆಗೂ ನಡುವೆ
ಹೊಲಿಗೆ ಕಾಣದ ಹಾಗೆ ಹೊಲಿದಿದ್ದರು.
ಹೇರು ಹೊರುವವರಿಗೆ ರೀ ಲೆಕ್ಕದಲ್ಲಿ ಕೂಲಿ.
ಆ ದಾರಿಯವರು ಯಾವಾಗಲೂ ಹೊತ್ತು ಮೀರಿ ಬರುತ್ತಾರೆ,
ಮೈಗಳ್ಳರೆಂದು ಬೈಸಿಕೊಳ್ಳುತ್ತಾರೆ.
ನಾನು ಬಾಯಿ ಬಿಡಲಿಲ್ಲ. ಅದನ್ನೂ ಬರೆದುಕೊಳ್ಳಿ.

ಹೊಸ ಅಕ್ಕಿಯ ಹಬ್ಬಕ್ಕೆ ದೇಗುಲದಲ್ಲಿ ನಗಾರಿ ಬಡಿಯುತ್ತಾರೆ.
ಆ ಸದ್ದಿಗೇ ದೇವರು ಬೆಟ್ಟ ಇಳಿಯುವುದಂತೆ.
ತೊರಿಯಿ ಕಮಾನಿನೊಳಗೆ ಕಾಲಿಡಬಾರದವರು
ಕಾಲಲ್ಲಿ ತುಳಿದು ತುಳಿದು ಮೆದುಮಾಡಿದ ತೊಗಲು ಅದು.
ದೇವರಿಗೆ ಯಾರೂ ಹೇಳಿಲ್ಲವೇನೋ.
ಅಥವಾ ಗೊತ್ತಿದ್ದೂ
ನನ್ನ ಹಾಗೆ ಸುಮ್ಮನಿದ್ದಾನೋ.

ಈಗ ಮಂಡಿ ನಡೆಯುವುದಿಲ್ಲ.
ಎಷ್ಟೋ ಜೊತೆ ಚಪ್ಪಲಿ ಸವೆದು ಒಲೆಗೆ ಹೋದವು,
ಪಟ್ಟಿ ಸವೆದಿಲ್ಲ.
ಮೊಮ್ಮಗಳು ಒಯಾಸು ಅದನ್ನು ಬುಗುರಿಗೆ ಸುತ್ತುತ್ತಾಳೆ.
"ತಾತ, ಇದು ಎಷ್ಟುದ್ದ?"
ಏಳು ಚೋ, ಇಪ್ಪತ್ತೆರಡು ಕೆನ್, ಅನ್ನುತ್ತೇನೆ.
ತಾತನಿಗೆ ಅರಳುಮರಳು ಎಂದು ನಕ್ಕು
ಬುಗುರಿ ಬಿಡುತ್ತಾಳೆ.